ಸುಟ್ಟ ಸುಣ್ಣವನ್ನು ಅರಳಿಸುವ ಕ್ರಮ

ಹೂವಿನ ಹಿಪ್ಪರಗಿಯನ್ನೊಳಗೊಂಡ ವಿಜಯಪುರ ಜಿಲ್ಲೆಯಲ್ಲಿ ದ್ರಾಕ್ಷಿಯ ಬೂಜುರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದುಂಟು. ಅದರಲ್ಲಿ ಸೇರುವ ಮೈಲುತುತ್ತವು ವಿಷವೆಂದು ಒಕ್ಕಲಿಗರು ಬಲ್ಲರು. ಸುಟ್ಟ ಸುಣ್ಣವನ್ನಾದರೋ ಎಲೆಯಡಿಕೆಯ ಪದಾರ್ಥವೆಂದು ಅಲಕ್ಷಿಸುವರು. ಇದು ಪ್ರಬಲವಾದ ಕ್ಷಾರ. ನೀರು ತಾಗಿದೊಡನೆ ಕುದಿದು ಸಿಡಿಯುವುದು, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಲ್ಲುದು.

ಮಣ್ಣಿನ ಬಾನಿಯಲ್ಲಿ ಮೊದಲು ನೀರನ್ನು ತುಂಬಿ, 1 ಕಿಲೋ ಸುಣ್ಣವನ್ನು ಚೂರುಚೂರಾಗಿ ಬಿಡತಕ್ಕದ್ದು. ಸುಣ್ಣದ ಮೇಲೆ ನೀರನ್ನು ಸುರಿಯಕೂಡದು, ಬಾನಿಯ ಬಾಯಿ ಮುಚ್ಚಕೂಡದು. ಆರಿದ ಮೇಲೆ ಸೋಸಿ 50 ಲೀಟರಿಗೆ ಏರಿಸಿ, 50 ಲೀಟರು ನೀರಿನಲ್ಲಿ ಕರಗಿಸಿದ 1 ಕಿಲೋ ಮೈಲುತುತ್ತದೊಡನೆ ಬೆರೆಸಬೇಕು. ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು.

ಕಣ್ಣಿಗೆ ಸಿಡಿದರೆ ಹಾಲು, ನಿಂಬೆರಸ ಹಾಕದೆ, ರೆಪ್ಪೆ ತೆರೆದು 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಶುದ್ಧ ನೀರು ಹೊಯ್ದು ಆಸ್ಪತ್ರೆಗೆ ಒಯ್ಯತಕ್ಕದ್ದು. ಆ ನೀರಿನ ಕೊಡವು ಕೆಲಸಕ್ಕೆ ಮೊದಲೇ ಬಳಿಯಲ್ಲಿರಬೇಕು.