ಹಲಗೆ ಇಳಿಸುವ ಹೊತ್ತು

ಕಾರ್ಕಳ, ಕಾಪು, ಉಡುಪಿಯ ಪಂಚಾಯತ್‌ಗಳಲ್ಲಿ ಮೊದಲು ಕಾರ್ಯದರ್ಶಿಯಾಗಿ, ಆಮೇಲೆ ಅಭಿವೃದ್ಧಿ ಅಧಿಕಾರಿಯಾಗಿ ದುಡಿದು ನಿವೃತ್ತನಾದವನು ನಾನು. ಸೈಬರ್ನೆಟಿಕ್ಸ್ ಎಂಬ ಶಾಸ್ತ್ರದ ಪರಿಚಯವಾದದ್ದು ನಡುವಯಸ್ಸಿನಲ್ಲಿ, ಮಣಿಪಾಲದಲ್ಲಿ ಪಾಠ ಹೇಳುತ್ತಿದ್ದ ಗೆಳೆಯರೊಬ್ಬರು ಓದಲು ಕೊಟ್ಟ ಪುಸ್ತಕದಿಂದ. 1948ರಲ್ಲಿ ನಾರ್ಬರ್ಟ್ ವೀನರ್ ಈ ಹೆಸರನ್ನು ಚುಕ್ಕಾಣಿ ಹಿಡಿಯುವವನಿಗಿರುವ ಗ್ರೀಕ್ ಪದದಿಂದ ತೆಗೆದರು. ಗವರ್ನಮೆಂಟ್ ಎಂಬ ಮಾತಿನ ಬೇರೂ ಅದೇ. ಮಲ್ಪೆಯ ಬೋಟಿನಲ್ಲಿ ಆ ಕೆಲಸ ತಾಂಡೇಲರದು. ಗಾಳಿ, ಸೆಳೆತ ನೋಡಿ ಚುಕ್ಕಾಣಿ ತಿರುಗಿಸುತ್ತಾರೆ, ಬೋಟು ಎಷ್ಟು ತಿರುಗಿತೆಂದು ನೋಡಿ ಮತ್ತೆ ತಿದ್ದುತ್ತಾರೆ. ಮಾಡಿದ್ದರ ಫಲ ಮಾಡಿದವರಿಗೆ ಹೊತ್ತಿಗೆ ಸರಿಯಾಗಿ ತಿಳಿಯಬೇಕು. ಕಚೇರಿಯಲ್ಲಿ ನಾನು ಕಲಿತದ್ದೆಲ್ಲ ಈ ಮಾತಿನ ಸುತ್ತಲೇ ಇದೆ.

1. ಹಲಗೆ ಇಳಿಸುವುದು ನೀರು ನೋಡಿ, ಕಡತ ನೋಡಿ ಅಲ್ಲ

ನಮ್ಮ ಹೊಳೆಗಳಿಗೆ ಕಿಂಡಿ ಅಣೆಕಟ್ಟುಗಳಿವೆ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬುತ್ತೇವೆ. ಮುಂದಿನ ಮಳೆಗೆ ಮೊದಲು ಎತ್ತುತ್ತೇವೆ. ಬೇಗ ಇಳಿಸಿದರೆ ಕೊನೆಯ ಮಳೆಯ ನೆರೆ ಮೇಲಿನ ತೋಟಕ್ಕೆ ನುಗ್ಗುತ್ತದೆ. ತಡ ಮಾಡಿದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಕಾಪುವಿನ ಕಡೆ, ಕಡಲ ಹತ್ತಿರವಾದರೆ, ಭರತದ ಉಪ್ಪುನೀರು ಮೇಲೇರಿ ಗದ್ದೆಗೂ ಬಾವಿಗೂ ಸೇರುತ್ತದೆ.

ನನ್ನ ಮೊದಲ ವರ್ಷ ಅಂದಾಜುಪಟ್ಟಿ, ಮಂಜೂರಾತಿ, ದರಪಟ್ಟಿ ಎಲ್ಲ ಮುಗಿದು ಹಲಗೆ ಇಳಿದದ್ದು ಜನವರಿಯ ನಡುವಿನಲ್ಲಿ. ಕೆಲಸ ಅಚ್ಚುಕಟ್ಟಾಗಿತ್ತು, ಕಡತದಲ್ಲಿ ಫೋಟೋ ಇತ್ತು, ಬಿಲ್ಲೂ ಪಾಸಾಯಿತು. ಏಪ್ರಿಲ್‌ನಲ್ಲಿ ಆ ವಾರ್ಡಿನ ಬಾವಿಗಳು ತಳ ಕಂಡವು. ಟ್ಯಾಂಕರ್ ಕಳಿಸಿದೆವು. ಹಲಗೆಯ ಖರ್ಚು ಒಂದು ಲೆಕ್ಕಶೀರ್ಷಿಕೆಯಲ್ಲಿ, ಟ್ಯಾಂಕರಿನದು ಇನ್ನೊಂದರಲ್ಲಿ. ಎರಡಕ್ಕೂ ಸಹಿ ಹಾಕಿದ ನನಗೇ ಒಂದರಿಂದ ಇನ್ನೊಂದು ಹುಟ್ಟಿತೆಂದು ಹೊಳೆಯಲಿಲ್ಲ. ಹೇಳಿದವರು ಹೊಳೆಬದಿಯ ತೋಟದ ಹಿರಿಯರೊಬ್ಬರು: “ಮಾರಾಯ್ರೇ, ಡಿಸೆಂಬರಿನಲ್ಲಿ ಬಿಟ್ಟ ನೀರನ್ನೇ ಈಗ ದುಡ್ಡು ಕೊಟ್ಟು ತರಿಸ್ತಾ ಇದ್ದೀರಿ.”

ಮರುವರ್ಷದಿಂದ ಎರಡೂ ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಬರೆದು ಸಾಮಾನ್ಯ ಸಭೆಯ ಮುಂದಿಟ್ಟೆ. ಮಂಜೂರಾತಿಯ ಕೆಲಸ ಮಳೆಗಾಲದಲ್ಲೇ ಮುಗಿಯತೊಡಗಿತು.

2. ಊರಿಗೆ ಇನ್ನೊಂದು ಪಂಚಾಂಗವಿದೆ

ಸರಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ತುಳುನಾಡಿನ ವರ್ಷ ಮಗ್ಗುಲು ಬದಲಿಸುವುದು ಮೇ ಕೊನೆಯ ಪತ್ತನಾಜೆಗೆ. ಕೋಲ, ನೇಮ ನಿಂತು ಜನ ಮಳೆಗೆ ಸಿದ್ಧವಾಗುವ ದಿನ. ಚರಂಡಿಯ ಹೂಳು ಮಾರ್ಚಿನಲ್ಲಿ ತೆಗೆದರೆ ಮೇ ಹೊತ್ತಿಗೆ ಮತ್ತೆ ತುಂಬಿರುತ್ತದೆ. ನನ್ನ ಮೇಜಿನ ಮೇಲೆ ಎರಡು ಕ್ಯಾಲೆಂಡರ್ ಇರುತ್ತಿದ್ದವು.

3. ನೀರು ಬಿಡುವವರ ಪುಸ್ತಕ

ಬ್ರಿಟನ್ನಿನ ರಾಸ್ ಆ್ಯಶ್ಬಿ ಸೈಬರ್ನೆಟಿಕ್ಸ್ ಕುರಿತ 1956ರ ಪುಸ್ತಕದಲ್ಲಿ ವಿವರಿಸಿದ ನಿಯಮ ನನಗೆ ಬಹಳ ಕೆಲಸಕ್ಕೆ ಬಂತು: ತೊಂದರೆ ಎಷ್ಟು ಬಗೆಯೋ ಅದನ್ನು ಹತೋಟಿಗೆ ತರುವವರ ಕೈಯಲ್ಲೂ ಅಷ್ಟು ಬಗೆಯ ಉಪಾಯ ಇರಬೇಕು. ಒಂದು ಸುತ್ತೋಲೆಗೆ ಅಷ್ಟು ಬಗೆ ಇರುವುದಿಲ್ಲ. ಗುಡ್ಡದ ತುದಿಯ ಮನೆಗೆ ನೀರು ಏರದಿರುವುದು, ಪೈಪು ಒಡೆದದ್ದು, ವೋಲ್ಟೇಜ್ ಇಲ್ಲದೆ ಪಂಪು ನಿಂತದ್ದು ಮೊದಲು ಗೊತ್ತಾಗುವುದು ನೀರು ಬಿಡುವವರಿಗೆ. ಕಂಡದ್ದನ್ನು ಬರೆದಿಡಲು ಅವರಿಗೆ ಒಂದು ಪುಸ್ತಕ ಕೊಟ್ಟೆ. ಸಣ್ಣ ರಿಪೇರಿಯನ್ನು ನನ್ನನ್ನು ಕೇಳದೆ ಮಾಡಿಸಲು ಹೇಳಿದೆ, ಪುಸ್ತಕವನ್ನು ವಾರಕ್ಕೊಮ್ಮೆ ತಪ್ಪದೆ ಓದಿದೆ.

ಈ ಬುದ್ಧಿ ಬಂದದ್ದು ಪಿಗ್ಮಿ ಠೇವಣಿಯಿಂದ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ದಿನಕ್ಕೆ ಎರಡಾಣೆಯ ಉಳಿತಾಯಕ್ಕಾಗಿ ಮನೆಬಾಗಿಲಿಗೆ ಜನ ಕಳಿಸಿತು. ಆ ಏಜೆಂಟರು ಹಣದ ಜತೆ ಯಾರ ಅಂಗಡಿ ನಡೆಯುತ್ತಿದೆ, ಯಾರ ಮನೆಯಲ್ಲಿ ಕಾಯಿಲೆ ಎಂಬ ಸುದ್ದಿಯನ್ನೂ ತರುತ್ತಿದ್ದರು ಎಂದೇ ನನ್ನ ನಂಬಿಕೆ. ದಿನವೂ ಮನೆ ಮುಟ್ಟುವವರ ಮಾತು ಮೇಲೆ ತಲುಪದಿದ್ದರೆ ಸರಕಾರಕ್ಕೆ ಕಣ್ಣಿಲ್ಲ.

4. ಗಡುವು ಅಳೆಯುವಾಗ

2012ರ ಏಪ್ರಿಲ್ 2ರಂದು ರಾಜ್ಯದೆಲ್ಲೆಡೆ ಸಕಾಲ ಬಂತು. ಅರ್ಜಿಗೆ ಸಂಖ್ಯೆ, ಸೇವೆಗೆ ಗಡುವು, ತಪ್ಪಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಇದನ್ನು ನಾನು ಮನಸಾರೆ ಸ್ವಾಗತಿಸಿದವನು. ಆದರೆ ಒಂದು ಕಚೇರಿಯಲ್ಲಿ ಅರ್ಜಿಯನ್ನು ಡ್ರಾಯರಿನಲ್ಲಿಟ್ಟು, ಕೆಲಸ ಮುಗಿಯುವ ಹೊತ್ತಿಗೆ ಸಂಖ್ಯೆ ಹಾಕುವುದನ್ನು ಕಂಡೆ. ಅಂಕಿಯಲ್ಲಿ ವಿಳಂಬವೇ ಇರಲಿಲ್ಲ. ಅಂದಿನಿಂದ ಗ್ರಾಮಸಭೆಯಲ್ಲಿ ಬೇರೆ ಯಾವುದಕ್ಕೂ ಮೊದಲು ಹಿಂದಿನ ಸಭೆಯ ಅನುಪಾಲನಾ ವರದಿಯನ್ನು ಗಟ್ಟಿಯಾಗಿ ಓದಿಸಿದೆ. ದೂರು ಕೊಟ್ಟವರೇ ಎದುರಿಗೆ ಕೂತಿರುವಾಗ ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಸುಮ್ಮನೆ ಬರೆಯಲು ಆಗುವುದಿಲ್ಲ.

5. ಹೊಳೆಗೆ ತಾಲೂಕಿನ ಗಡಿ ಗೊತ್ತಿಲ್ಲ

ಸ್ವರ್ಣಾ ನದಿ ಘಟ್ಟದ ಬುಡದಿಂದ ಕಾರ್ಕಳ ತಾಲೂಕಿನಲ್ಲಿ ಹರಿದು ಉಡುಪಿಗೆ ಬರುತ್ತದೆ. ಉಡುಪಿ, ಮಣಿಪಾಲದ ನಲ್ಲಿಗಳ ಆಧಾರ ಹಿರಿಯಡ್ಕದ ಬಳಿಯ ಬಜೆ ಅಣೆಕಟ್ಟು. ಏಪ್ರಿಲ್ ಬಂದರೆ ಬಜೆಯಲ್ಲಿ ಎಷ್ಟು ಮೀಟರ್ ನೀರಿದೆಯೆಂದು ಪತ್ರಿಕೆಯಲ್ಲಿ ಹುಡುಕಿ ಓದುತ್ತೇವೆ. 2019ರ ಮೇ ತಿಂಗಳಲ್ಲಿ ಅಲ್ಲಿ ನೀರು ಬತ್ತಿ, ನಗರದ ಮನೆಗಳು ದಿನಗಟ್ಟಲೆ ಕಾದವು.

ಮೇ ತಿಂಗಳ ಮೀಟರ್ ಲೆಕ್ಕ ನನಗೆ ಸಾಲದು. ಅದು ಜ್ವರ ಏರಿದ ಮೇಲೆ ನೋಡುವ ಥರ್ಮಾಮೀಟರ್. ಮೇಲಿನ ತೊರೆಗಳ ಹಲಗೆ ಯಾವ ವಾರ ಇಳಿಯಿತು, ದಡದಲ್ಲಿ ಎಷ್ಟು ಪಂಪುಸೆಟ್ ಓಡುತ್ತಿವೆ ಎಂಬುದು ಡಿಸೆಂಬರಿನಲ್ಲೇ ಕೆಳಗಿನ ನಗರಕ್ಕೆ ತಿಳಿಯಬೇಕು. ತೋಟದವರ ಪಂಪಿಗೆ ಕರೆಂಟು ಕಡಿತ ಮಾಡುವುದು ಸುಲಭ. ಆದರೆ ಮೇಲಿನವರು ಹಿಡಿದಿಟ್ಟ ನೀರಿನಿಂದ ಕೆಳಗಿನವರೂ ಬದುಕುತ್ತಾರೆ ಎಂಬುದನ್ನು ಲೆಕ್ಕಕ್ಕೆ ತಾರದೆ ಕಡಿತ ಮಾಡಿದರೆ ಅನ್ಯಾಯ.

6. ಬೀಗದ ಕೈ ಯಾರ ಹತ್ತಿರ

ಚಿಲಿ ದೇಶದಲ್ಲಿ 1971ರಿಂದ ಇದೇ ಸೈಬರ್ನೆಟಿಕ್ಸ್ ಶಾಸ್ತ್ರದ ಸ್ಟಾಫರ್ಡ್ ಬಿಯರ್ ಅವರು ಕಾರ್ಖಾನೆಗಳನ್ನು ಟೆಲೆಕ್ಸ್‌ನಿಂದ ಜೋಡಿಸಿದರು. 1973ರ ಸೇನಾದಂಗೆಯೊಂದಿಗೆ ಅದು ಮುಗಿಯಿತು. ಅವರ ವಿಚಾರದಲ್ಲಿ ನನ್ನನ್ನು ಹಿಡಿದದ್ದು ಯಂತ್ರವಲ್ಲ. ಕೆಳಗಿನ ಘಟಕ ತನ್ನ ಕೆಲಸ ತಾನೇ ನಿಭಾಯಿಸಲಿ, ಅದಕ್ಕೆ ಆಗದಾಗ ಮಾತ್ರ ಮೇಲಕ್ಕೆ ಕೂಗು ಮುಟ್ಟಲಿ ಎಂಬ ವ್ಯವಸ್ಥೆ.

ಅದೇ ರೀತಿ ನಾವು ಹಲಗೆಗಳನ್ನು ಪಂಚಾಯತ್ ಗೋದಾಮಿನಿಂದ ಹೊಳೆಬದಿಯ ಕೊಟ್ಟಿಗೆಗೆ ಸಾಗಿಸಿದೆವು. ಬೀಗದ ಕೈ, ಟ್ಯಾಂಕರಿನ ಮಾತು ಹೇಳಿದ ಆ ತೋಟದ ಹಿರಿಯರ ಹತ್ತಿರ. ಒಂದು ವರ್ಷ ಮೇ ನಡುವಿನಲ್ಲೇ ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಆರಕ್ಕೆ ಅವರ ಫೋನು: “ಹಲಗೆ ಎತ್ತಿ ಆಯ್ತು, ಮೂರು ಮುರಿದಿವೆ, ಬರೆದುಕೊಳ್ಳಿ.”