ಬೆನ್ನುನೋವಿಗೆ ಸ್ಕ್ಯಾನಿಂಗ್ ಯಾವಾಗ?

ಬೈಯಪ್ಪನಹಳ್ಳಿ ಕಡೆಯಿಂದ ಸೊಂಟ ಹಿಡಿದುಕೊಂಡು ಬರುವ ಅನೇಕರು ಮೊದಲು ಕೇಳುವುದೇ ಎಂ.ಆರ್.ಐ. ಹೆಚ್ಚಿನವರ ನೋವು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಮಲಗಿಯೇ ಇರಬೇಡಿ, ಆಗುವಷ್ಟು ಓಡಾಡಿ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ನೋವೇ ಇಲ್ಲದ 50 ವರ್ಷದವರಲ್ಲೂ 100ಕ್ಕೆ ಸುಮಾರು 60 ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. ರಿಪೋರ್ಟಿನಲ್ಲಿ 'ಡಿಸ್ಕ್ ಬಲ್ಜ್' ಎಂದಿದ್ದ ಮಾತ್ರಕ್ಕೆ ಆಪರೇಷನ್ ಎಂದು ಹೆದರಬೇಡಿ.

ಆದರೆ ಮೂತ್ರ ಕಟ್ಟಿದರೆ, ಅರಿವಿಲ್ಲದೆ ಮಲಮೂತ್ರ ಹೋದರೆ, ಗುದದ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ, ರಾತ್ರಿಯಾದರೂ ಸರಿ, ಕೂಡಲೇ ಬನ್ನಿ. ಜ್ವರ, ತೂಕ ಇಳಿಕೆ, ಹಿಂದಿನ ಟಿ.ಬಿ., ಕ್ಯಾನ್ಸರ್ ಇದ್ದರೆ ಮುಚ್ಚಿಡದೆ ಹೇಳಿ.

ಎಂ.ಆರ್.ಐ. ಯಂತ್ರದಲ್ಲಿರುವುದು ಅಯಸ್ಕಾಂತ, ಎಕ್ಸ್‌ರೇ ಅಲ್ಲ. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ತಾಳಿ, ಕಾಲುಂಗುರ, ಬೆಳ್ಳಿ ಕರಡಿಗೆ ತೆಗೆಯಲು ಕೆಲವರು ಹಿಂಜರಿಯುತ್ತಾರೆ. ಸುಮಾರು ಅರ್ಧ ಗಂಟೆಯ ಮಾತು, ಜೊತೆಗೆ ಬಂದವರ ಕೈಗೆ ಕೊಡಿ. ಒಳಗೆ ಟಕಟಕ ಸದ್ದು ಜೋರು, ಅಲುಗಾಡದೆ ಮಲಗಿರಿ.