ಬಾಯ್ತುಂಬ ಕರೆಯುವಂಥ ಹೆಸರು

ಮಗಳೇ, ಏಳು ತಿಂಗಳು ತುಂಬಿದ ಮೇಲೆ ನೀನು ಫೋನ್ ಮಾಡಿದಾಗಲೆಲ್ಲ ಹೆಸರಿನದೇ ಮಾತು. ಎರಡಕ್ಷರದ್ದು ಬೇಡ ಅಜ್ಜಿ, ಹಿಂದಿನವರ ಹಾಗೆ ಉದ್ದವಾದ, ಗಂಭೀರವಾದ ಹೆಸರು ಬೇಕು ಅಂದೆ. ಕೇಳಿ ಹಿಗ್ಗಿದೆ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ದಿನಾ ಬೆಳಿಗ್ಗೆ ಹಾಜರಿ ಕೂಗಿದವಳು ನಾನು. ತೊಟ್ಟಿಲ ಶಾಸ್ತ್ರದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾರಲ್ಲ, ಅದಕ್ಕೆ ಮುಂಚೆ ನಿನ್ನ ಕಿವಿಯಲ್ಲಿ ಹೇಳಬೇಕಾದ್ದು ಇಷ್ಟಿದೆ.

• ಮೊದಲು ಹೆಸರನ್ನು ಕೂಗಿ ನೋಡು. ಬರೆದು ನೋಡಿದರೆ ಏನೂ ತಿಳಿಯದು. ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತು, ಆಟಕ್ಕೆ ಹೋದ ಮಗುವನ್ನು ಕರೆಯುವ ಹಾಗೆ ಕರೆ. ನಮ್ಮ ಭಾಷೆಯಲ್ಲಿ ಕರೆಯುವಾಗ ಕೊನೆಯ ಸ್ವರವನ್ನು ಎಳೆಯುತ್ತೇವೆ: ಶರಾವತೀ, ವೈಜಯಂತೀ, ಅರವಿಂದಾ. ವ್ಯಂಜನಕ್ಕೆ ನಿಂತುಬಿಡುವ ಹೆಸರಿನಲ್ಲಿ ಎಳೆಯಲು ಏನೂ ಇರುವುದಿಲ್ಲ. ‘ಪ್ರಣವ್’ ಅಂದರೆ ದನಿ ಬೇಲಿಯ ಹತ್ತಿರವೇ ಬಿದ್ದುಹೋಗುತ್ತದೆ; ‘ಪ್ರಣವಾ’ ಅಂದರೆ ಗದ್ದೆ ದಾಟುತ್ತದೆ.

• ಉದ್ದ ಹೆಸರು ಇಟ್ಟ ಮೇಲೆ ಊರು ಅದನ್ನು ಮುರಿದೇ ಮುರಿಯುತ್ತದೆ. ಲಕ್ಷ್ಮೀನಾರಾಯಣ ಲಚ್ಚನಾಗುತ್ತಾನೆ, ಸುಬ್ರಹ್ಮಣ್ಯ ಸುಬ್ಬುವಾಗುತ್ತಾನೆ, ಶ್ರೀನಿವಾಸ ಸೀನನಾಗುತ್ತಾನೆ. ಅದು ಪ್ರೀತಿಯೇ, ಬೇಸರ ಬೇಡ. ಆದರೆ ಮುರಿದರೆ ಗೆಣ್ಣಿನಲ್ಲಿ ಮುರಿಯುವಂಥ ಹೆಸರನ್ನು ಆರಿಸು. ಕುವೆಂಪು ತಮ್ಮ ಮಕ್ಕಳಿಗಿಟ್ಟ ಹೆಸರುಗಳನ್ನು ನೆನೆಸಿಕೊ: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಮೊದಲೆರಡು ಎಷ್ಟು ಉದ್ದ! ಆದರೂ ಕನ್ನಡದ ಓದುಗರು ಬರೀ ‘ತೇಜಸ್ವಿ’ ಅಂದಾಗ ಹೆಸರಿಗೆ ಊನವಾಗಲಿಲ್ಲ, ಒಂದೊಂದು ತುಂಡೂ ತನ್ನ ಕಾಲ ಮೇಲೆ ನಿಲ್ಲುವ ಪದವಾಗಿತ್ತು. ರಾಗದ ಹೆಸರುಗಳಿಗೂ ಈ ಗುಣ ಉಂಟು. ಅಮೃತವರ್ಷಿಣಿ ಅಂತಿಟ್ಟರೆ ಮನೆಯಲ್ಲಿ ಅಮೃತಾ, ಗೆಳತಿಯರಿಗೆ ವರ್ಷಿಣಿ. ಹಂಸಧ್ವನಿಯೂ ಹಾಗೆಯೇ. ಮನೆಯವರು ಕರೆಯುವ ಚಿಕ್ಕ ಹೆಸರನ್ನು ನೀವೇ ಮೊದಲ ದಿನದಿಂದ ಬಳಕೆಗೆ ತನ್ನಿ, ಇಲ್ಲದಿದ್ದರೆ ಬೀದಿಯವರು ತರುತ್ತಾರೆ.

• ಚಿಕ್ಕ ಹೆಸರು ಎಷ್ಟೇ ರೂಢಿಯಾಗಲಿ, ದಿನಕ್ಕೊಮ್ಮೆಯಾದರೂ ಪೂರ್ತಿ ಹೆಸರು ಹಿಡಿದು ಕರೆ, ಅದೂ ಮುದ್ದು ಮಾಡುವಾಗ. ಸಿಟ್ಟು ಬಂದಾಗ ಮಾತ್ರ ಉದ್ದ ಹೆಸರು ಕೂಗುವ ಮನೆಗಳ ಮಕ್ಕಳನ್ನು ಕಂಡಿದ್ದೇನೆ. ಹಾಜರಿಯಲ್ಲಿ ಪೂರ್ತಿ ಹೆಸರು ಬಂದರೆ ಬೆಚ್ಚಿಬೀಳುತ್ತಿದ್ದವು.

• ನಕ್ಷತ್ರದ ಅಕ್ಷರಕ್ಕೆ ಸಿಕ್ಕಿಹಾಕಿಕೊಳ್ಳಬೇಡ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಹಸ್ತಾ ನಕ್ಷತ್ರಕ್ಕೆ ಪು, ಷ, ಣ, ಠ. ಆರಿದ್ರೆಗೆ ಕು, ಘ, ಙ, ಛ. ‘ಣ’ದಿಂದ, ‘ಙ’ದಿಂದ ಯಾವ ಹೆಸರು ಹುಟ್ಟೀತು? ಹಿರಿಯರಿಗೆ ಇದು ಗೊತ್ತಿತ್ತು. ಅದಕ್ಕೇ ನಕ್ಷತ್ರನಾಮ ಬೇರೆ, ಮಾಸನಾಮ ಬೇರೆ, ವ್ಯವಹಾರನಾಮ ಬೇರೆ ಎಂದು ಮಾಡಿಟ್ಟರು. ಪುರೋಹಿತರು ಹೇಳಿದ್ದನ್ನು ನಕ್ಷತ್ರನಾಮವಾಗಿ ಇಡಿ, ಕರೆಯುವ ಹೆಸರು ನಿಮ್ಮ ಮನಸ್ಸಿನದಿರಲಿ.

• ಅರ್ಥವನ್ನು ನಿಘಂಟಿನಲ್ಲಿ ನೋಡದೆ ಇಡಬೇಡ. ಅನಾಮಿಕಾ ಕಿವಿಗೆ ಇಂಪು, ಅರ್ಥ ಮಾತ್ರ ‘ಹೆಸರಿಲ್ಲದವಳು’. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ನನ್ನ ಕಪಾಟಿನಲ್ಲಿದೆ, ಯಾವ ಹೊತ್ತಿನಲ್ಲಾದರೂ ಕೇಳು.

• ಹುಡುಕುವುದು ಎಲ್ಲಿ ಅಂದೆಯಲ್ಲ. ಅಂಗಡಿಯ ಹೆಸರಿನ ಪುಸ್ತಕ ಬೇಡ, ನಮ್ಮ ನದಿಗಳ ಪಕ್ಕ ಹುಡುಕು: ನೇತ್ರಾವತಿ, ಹೇಮಾವತಿ, ವೇದಾವತಿ, ಅರ್ಕಾವತಿ. ಹೆಣ್ಣಾದರೆ ನನಗೆ ಹೇಮಾವತಿಯ ಮೇಲೆ ಮನಸ್ಸಿದೆ. ಯಾರೂ ಹಳತೆಂದು ಮೂಗು ಮುರಿಯಬಾರದು. ಗಂಡಾದರೆ ಅಮೋಘವರ್ಷ. ರಾಷ್ಟ್ರಕೂಟರ ದೊರೆಯ ಹೆಸರು, ಬಾಯ್ತುಂಬ ಬರುತ್ತದೆ, ‘ಅಮೋಘ’ ಎಂದು ನಿಲ್ಲಿಸಿದರೂ ಚೆಂದ. ಮನೆಯ ಹಿರಿಯರ ಹೆಸರಿಡುವುದಾದರೆ ಒಂದು ಮಾತು. ನಮ್ಮ ಕಾಲದಲ್ಲಿ ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುತ್ತಿರಲಿಲ್ಲ, ಹಾಗಾಗಿ ಅಜ್ಜಿಯ ಹೆಸರು ಹೊತ್ತ ಮಗು ಜನ್ಮವಿಡೀ ಪುಟ್ಟಿಯಾಗಿಯೇ ಉಳಿಯುತ್ತಿತ್ತು. ನೀವು ಧೈರ್ಯವಾಗಿ ಕರೆಯಿರಿ.

• ಈಗ ಕಾಗದಪತ್ರದ ಮಾತು. ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಆರಕ್ಷರದ ಹೆಸರಿನ ಹುಡುಗಿಯೊಬ್ಬಳು ಶಾಲೆಗೆ ಸೇರಿದಳು. ದಾಖಲಾತಿ ಪುಸ್ತಕದ ಅಂಕಣ ಕಿರಿದಾಗಿತ್ತು. ಕೊನೆಯ ಎರಡಕ್ಷರ ಬಿಟ್ಟು ನಾಲ್ಕೇ ಬರೆದೆ. ಅದೇ ವರ್ಗಾವಣೆ ಪತ್ರಕ್ಕೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ನಡೆದುಹೋಯಿತು. ಬಹಳ ವರ್ಷಗಳ ಮೇಲೆ, ಎರಡು ಹೆಸರೂ ತನ್ನವೇ ಎಂದು ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಅವಳು ಅಲೆದಳು. ನಮ್ಮ ಮನೆಗೂ ಬಂದಿದ್ದಳು. ಬೈಯಲಿಲ್ಲ. ‘ಟೀಚರ್, ಆ ಹೆಸರು ನಮ್ಮಜ್ಜಿ ಇಟ್ಟದ್ದು’ ಅಂದಳು, ಅಷ್ಟೇ. ಆ ಎರಡಕ್ಷರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

• ಆದ್ದರಿಂದ ಆಸ್ಪತ್ರೆಯಲ್ಲಿ ಅವಸರ ಮಾಡಬೇಡಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. 12 ತಿಂಗಳೊಳಗೆ ಹೆಸರು ಕೊಟ್ಟರೆ ಶುಲ್ಕವಿಲ್ಲದೆ ಸೇರಿಸುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಆಧಾರ, ಅಲ್ಲಿ ಒಂದಕ್ಷರ ತಪ್ಪಿದರೆ ಎಲ್ಲೆಡೆ ತಪ್ಪಿದಂತೆ. ಇಂಗ್ಲಿಷ್ ಕಾಗುಣಿತವನ್ನು ನೀವಿಬ್ಬರೂ ಕೂತು ಮೊದಲೇ ನಿಶ್ಚಯಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆ ಲಿಪಿಯಲ್ಲಿ ತ, ಟ ಎರಡಕ್ಕೂ ಒಂದೇ ಅಕ್ಷರ. ಲ, ಳಕ್ಕೂ ಅಷ್ಟೆ. ಇನಿಷಿಯಲ್ಲನ್ನು ಬಿಡಿಸಿ ಬರೆಯಬೇಕೋ ಬೇಡವೋ ಎಂಬುದನ್ನೂ ಆಗಲೇ ತೀರ್ಮಾನಿಸಿ, ಮುಂದೆ ಬದಲಿಸಬೇಡಿ.

• ಮುಂದೆ ಹೊರದೇಶಕ್ಕೆ ಹೋದರೆ, ಅಲ್ಲಿಯ ಮೇಷ್ಟ್ರಿಗೆ ತನ್ನ ಹೆಸರನ್ನು ಬಿಡಿಬಿಡಿಯಾಗಿ, ನಾಚದೆ ಹೇಳಿಕೊಡುವುದನ್ನು ಮಗುವಿಗೆ ಕಲಿಸು. ಹೇ-ಮಾ-ವ-ತಿ. ಎರಡು ದಿನದಲ್ಲಿ ಅವರಿಗೂ ಬರುತ್ತದೆ.

• ನಾಮಕರಣದ ದಿನ ಅಕ್ಕಿ ಹರವಿ ಉಂಗುರದಿಂದ ಹೆಸರು ಬರೆಯುವಾಗ ಸಣ್ಣ ತಟ್ಟೆ ತರಬೇಡಿ. ಅಟ್ಟದಲ್ಲಿದ್ದ ನನ್ನ ಅತ್ತೆಯ ಹಿತ್ತಾಳೆ ಹರಿವಾಣವನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದೇನೆ. ಆರಕ್ಷರವಾದರೂ ಒಂದೇ ಸಾಲಿನಲ್ಲಿ ಹಿಡಿಸುತ್ತದೆ.